ಜಪಾನಿನ ಮದುವೆಗೆ ಮುಯ್ಯಿ ಕವರ್: ಯಾವುದು ಕೊಳ್ಳಬೇಕು, ಯಾವ ಸಂಖ್ಯೆ ಬರೆಯಬೇಕು

ಜಪಾನಿನಲ್ಲಿ ಸಹೋದ್ಯೋಗಿಯ ಮದುವೆಗೆ ಕರೆ ಬಂದರೆ ಮೊದಲು ಬೇಕಾಗುವುದು ಗೊಶೂಗಿಬುಕುರೊ, ಮುಯ್ಯಿ ಹಣ ಇಟ್ಟು ಕೊಡುವ ಕಾಗದದ ಕವರ್. ನೂರು ಯೆನ್ ಅಂಗಡಿಯಲ್ಲಿ ತೆರಿಗೆ ಸೇರಿ 110 ಯೆನ್‌ಗೂ ಸಿಗುತ್ತದೆ, ಟೋಕಿಯೊದ ಗಿಂಜಾದಲ್ಲಿರುವ ಹಳೇ ಕಾಗದದಂಗಡಿಗಳಲ್ಲಿ ಸಾವಿರ ಯೆನ್ ದಾಟಿದ್ದೂ ಇದೆ. ಬೆಲೆ ನೋಡಿಯೋ ಅಂದ ನೋಡಿಯೋ ಒಂದನ್ನು ಎತ್ತಿಕೊಂಡು ಬಂದರೆ ಎಡವುವ ಸಾಧ್ಯತೆಯೇ ಹೆಚ್ಚು. ಈ ಕವರಿನಲ್ಲಿ ಎಣಿಸಿ ನೋಡಬೇಕಾದದ್ದು ಬಹಳ ಇದೆ: ಕಟ್ಟಿದ ದಾರದ ಎಳೆ, ಮೇಲಿನ ಚೀಟಿಯ ಅಕ್ಷರ, ಒಳಗಿಡುವ ನೋಟು, ಬರೆಯುವ ಮೊತ್ತ. ಮೊತ್ತ ಮೊದಲು ತೀರ್ಮಾನವಾಗಬೇಕು, ಕವರ್ ಆಮೇಲೆ. ಆ ಮೊತ್ತ ಎಷ್ಟಿರಬೇಕು, ಎಷ್ಟಿರಬಾರದು ಎನ್ನುವುದಕ್ಕೆ ಅರ್ಧ ಕಾರಣ ಜಪಾನಿ ಸಂಖ್ಯೆಗಳ ಉಚ್ಚಾರದಲ್ಲೇ ಇದೆ. ಹಾಗಾಗಿ ಕವರಿನ ಗುಣದೋಷ ಹೇಳುವ ಮೊದಲು ಸಂಖ್ಯೆಯ ಮಾತು.

ಎಷ್ಟು ಇಡಬೇಕು

ಗೆಳೆಯರ, ಸಹೋದ್ಯೋಗಿಗಳ ಮದುವೆಗೆ ಒಬ್ಬರು ಇಡುವ ರೂಢಿಯ ಮೊತ್ತ 30,000 ಯೆನ್. ಹತ್ತಿರದ ನೆಂಟರು 50,000 ಅಥವಾ ಒಂದು ಲಕ್ಷ ಇಡುತ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಕರೆ ಇದ್ದರೆ 50,000, ಹೆಚ್ಚೆಂದರೆ 70,000. ತಲೆಗೆ 30,000 ಅಂತ ಲೆಕ್ಕ ಹಾಕಿ 60,000 ಇಡುವುದಿಲ್ಲ. ಸರಿಸಂಖ್ಯೆ ಎರಡು ಸಮಪಾಲಾಗುತ್ತದೆ, ಮದುವೆಯ ದಿನ ಎರಡಾಗುವ ಮಾತು ಬೇಡ ಎನ್ನುವುದು ಅಲ್ಲಿನ ನಂಬಿಕೆ. ಆದ್ದರಿಂದ ಮೊತ್ತದ ಮೊದಲ ಅಂಕಿ ಬೆಸ ಇರಬೇಕು.

ಕೈ ಬಿಗಿ ಇರುವ ಎಳೆಯರು 20,000 ಕೊಡುವುದು ಈಗ ನಡೆಯುತ್ತದೆ. ಅದಕ್ಕೊಂದು ಉಪಾಯವಿದೆ: 10,000ದ ಒಂದು ನೋಟು, 5,000ದ ಎರಡು ನೋಟು. ಮೊತ್ತ ಸರಿಸಂಖ್ಯೆಯಾದರೂ ನೋಟು ಮೂರಾಯಿತು. 80,000 ಸರಿಸಂಖ್ಯೆಯಾದರೂ ತಕರಾರಿಲ್ಲ, ಯಾಕೆಂದರೆ ಎಂಟನ್ನು ಬರೆಯುವ ಚೀನೀ ಅಕ್ಷರದ ಎರಡು ಗೆರೆಗಳು ಕೆಳಗೆ ಬರುತ್ತಾ ಅಗಲವಾಗುತ್ತವೆ. ಮುಂದೆ ಮುಂದೆ ಬಾಳು ವಿಸ್ತಾರವಾಗಲಿ ಎಂಬ ಅರ್ಥದಲ್ಲಿ ಅದನ್ನು ಸುಏಹಿರೊಗರಿ ಎನ್ನುತ್ತಾರೆ. ನಮ್ಮಲ್ಲಿ ಸಂಖ್ಯಾಶಾಸ್ತ್ರ ನಂಬುವವರು ಎಂಟು ಶನಿಯ ಸಂಖ್ಯೆ ಎಂದು ಹಿಂಜರಿಯುತ್ತಾರೆ. ಆ ಅಳುಕನ್ನು ಜಪಾನಿನ ಮದುವೆ ಮನೆಗೆ ಒಯ್ಯಬೇಕಾಗಿಲ್ಲ.

40,000 ಮತ್ತು 90,000 ಮಾತ್ರ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ನಾಲ್ಕಕ್ಕೆ ಚೀನೀ ಮೂಲದ ಓದು 'ಶಿ', ಸಾವಿಗೂ 'ಶಿ'. ಒಂಬತ್ತಕ್ಕೆ 'ಕು', ಸಂಕಟಕ್ಕೂ 'ಕು'. ನಾಲ್ಕು ಸರಿಸಂಖ್ಯೆ ಬೇರೆ, ಒಂಬತ್ತಾದರೆ ಬೆಸ ಆದರೂ ಉಳಿಯಲಿಲ್ಲ. ಮಾತಿನಲ್ಲಿ 40,000ವನ್ನು ಯಾರೂ 'ಶಿ' ಹಚ್ಚಿ ಹೇಳುವುದಿಲ್ಲ, 'ಯೊಮ್ಮನ್ ಎನ್' ಎನ್ನುತ್ತಾರೆ. 90,000ಕ್ಕೆ 'ಕ್ಯೂಮನ್ ಎನ್'. ಹಾಗಿದ್ದ ಮೇಲೆ ದೋಷ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಉಚ್ಚಾರ ಬದಲಿಸಿದರೂ ಅಂಕಿ ಕಣ್ಣಿಗೆ ಬಿದ್ದ ಕೂಡಲೇ ಹಳೇ ಓದು ನೆನಪಿಗೆ ಬರುತ್ತದೆ, ಅಷ್ಟೇ ಸಾಕು. ಕಾರಿನ ನಂಬರ್ ಪ್ಲೇಟಿನಲ್ಲೂ ಕೊನೆಯ ಎರಡು ಅಂಕಿ 42 ಮತ್ತು 49 ಇರುವವನ್ನು ತಾವಾಗಿ ಹಂಚುವುದಿಲ್ಲ, ಬೇಕೆಂದು ಕೇಳಿ ಪಡೆದರೆ ಮಾತ್ರ ಕೊಡುತ್ತಾರೆ. 42ನ್ನು 'ಶಿನಿ' ಎಂದು ಓದಬಹುದು, ಅದು ಸಾಯುವುದಕ್ಕೆ ಹೇಳುವ ಮಾತು. ಗಂಡಸರಿಗೆ, ಹುಟ್ಟಿದಾಗಲೇ ಒಂದು ಎಂದು ಎಣಿಸುವ ಹಳೇ ಲೆಕ್ಕದ 42ನೇ ವಯಸ್ಸು ದೊಡ್ಡ ಕಂಟಕದ ವರ್ಷ ಎನ್ನುವುದಕ್ಕೂ ಇದೇ ಕಾರಣವನ್ನು ಹೇಳುತ್ತಾರೆ.

ಕನ್ನಡಿಗರು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿಂದಲೇ ಶುರು. ಆಫೀಸಿನ ನಾಲ್ವರು ತಲಾ 10,000 ಹಾಕಿ ಒಂದೇ ಕವರಿನಲ್ಲಿ ಕೊಡೋಣ ಎಂದರೆ ಸರಿಯಾಗಿ 40,000 ಆಗುತ್ತದೆ. ಮೂವರು ತಲಾ 30,000 ಒಟ್ಟುಗೂಡಿಸಿದರೆ 90,000. ಮೊದಲನೆಯದಕ್ಕೆ ಪರಿಹಾರ: 30,000 ನಗದು ಇಟ್ಟು ಉಳಿದ 10,000ಕ್ಕೆ ಉಡುಗೊರೆ ಕೊಳ್ಳಿ. ಎರಡನೆಯದಕ್ಕೆ ಒಟ್ಟುಗೂಡಿಸುವುದೇ ಬೇಡ, ಮೂರು ಕವರ್ ಕೊಡಿ.

ಇನ್ನೊಂದು ತಪ್ಪು ಪ್ರೀತಿಯಿಂದಲೇ ಆಗುತ್ತದೆ. ನಮ್ಮ ಮುಯ್ಯಿ ಕವರಿನ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿರುತ್ತದೆ, 501, 1001 ಇಡುತ್ತೇವೆ. ಅದೇ ಅಭ್ಯಾಸದಲ್ಲಿ 30,000ಕ್ಕೆ ಒಂದು ಯೆನ್ ಸೇರಿಸಬೇಡಿ. ಗೊಶೂಗಿಬುಕುರೊ ಒಳಗೆ ನಾಣ್ಯ ಹಾಕುವ ಪದ್ಧತಿಯಿಲ್ಲ, ಬರೆದ ಮೊತ್ತಕ್ಕೂ ಒಳಗಿದ್ದ ಹಣಕ್ಕೂ ತಾಳೆ ಬೀಳದೆ ಮದುವೆ ಮನೆಯವರು ಲೆಕ್ಕದಲ್ಲಿ ತೊಡಕಿಗೆ ಬೀಳುತ್ತಾರೆ. ನಾಣ್ಯದ ಶಕುನ ಬೇಕೆಂದರೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಐದು ಯೆನ್ ಹಾಕಿ. ಐದು ಯೆನ್ ಅಂದರೆ 'ಗೊ ಎನ್', ಋಣಾನುಬಂಧಕ್ಕೂ 'ಗೊಎನ್'.

ಬಾಯಲ್ಲಿ ಹೇಳುವುದು

ಕವರನ್ನು ಕೊಳ್ಳುವಾಗ ಅಂಗಡಿಯಲ್ಲಿ, ಹೊಸ ನೋಟು ಕೇಳುವಾಗ ಬ್ಯಾಂಕಿನಲ್ಲಿ ಸಂಖ್ಯೆ ಬಾಯಿಗೆ ಬರಲೇಬೇಕು. ಕನ್ನಡಿಗರಿಗೆ ಇಲ್ಲಿ ದೊಡ್ಡ ಅನುಕೂಲವಿದೆ, ಜಪಾನಿ ಕಲಿಸುವವರು ಯಾಕೋ ಅದನ್ನು ಎತ್ತಿ ಹೇಳುವುದಿಲ್ಲ. ಜಪಾನಿ ಮಾತಿನ ಅಳತೆ ನಮ್ಮ ಛಂದಸ್ಸಿನ ಮಾತ್ರೆಯ ಅಳತೆಗೆ ಬಹುಮಟ್ಟಿಗೆ ಹೊಂದುತ್ತದೆ. ದೀರ್ಘಕ್ಕೆ ಎರಡು ಮಾತ್ರೆ, ನ್‌ಕಾರದಿಂದ ಮುಗಿಯುವ ಅಕ್ಷರಕ್ಕೆ ಎರಡು, ಒತ್ತಿನ ಹಿಂದಿನ ಅಕ್ಷರಕ್ಕೆ ಎರಡು. 30,000 ಯೆನ್ ಎನ್ನುವುದು 'ಸಮ್-ಮನ್-ಎನ್', ಮೂರು ಗುರು, ಆರು ಮಾತ್ರೆ. 'ಸನ್' ಮುಂದೆ ಮಕಾರ ಬಂದದ್ದರಿಂದ ನ್‌ಕಾರ ಮ್‌ಕಾರವಾಗಿದೆ. ನಾವು ತಪ್ಪುವುದು ಕೊನೆಯಲ್ಲಿ. 'ಮನ್ ಎನ್' ಎನ್ನುವುದನ್ನು ಸಂಧಿ ಮಾಡಿ 'ಮನೆನ್' ಎಂದುಬಿಟ್ಟರೆ ಒಂದು ಮಾತ್ರೆ ಕಳೆದುಹೋಗುತ್ತದೆ, ಕೇಳುವವರಿಗೆ ಅದು ಬೇರೆ ಮಾತಾಗಿ ಕೇಳುತ್ತದೆ. ನ್‌ಕಾರವನ್ನು ಮೂಗಿನಲ್ಲೇ ಒಂದು ಗಳಿಗೆ ನಿಲ್ಲಿಸಿ, ಆಮೇಲೆ 'ಎನ್' ಹೇಳಿ. ಇಂಗ್ಲಿಷಿನಿಂದ ಬಂದ 'ಯೆನ್' ಅಲ್ಲಿ ಯಾರ ಬಾಯಲ್ಲೂ ಇಲ್ಲ.

ಛಂದಸ್ಸು ಕೈಕೊಡುವ ಜಾಗ ಒಂದಿದೆ. 200ಕ್ಕೆ 'ನಿಹ್ಯಕು'. ನಮ್ಮ ಲೆಕ್ಕದಲ್ಲಿ 'ಹ್ಯ' ಒತ್ತಕ್ಷರ, ಹಾಗಾಗಿ ಹಿಂದಿನ 'ನಿ' ಗುರುವಾಗಬೇಕು. ಜಪಾನಿಯಲ್ಲಿ ಆಗುವುದಿಲ್ಲ, ಯಕಾರದ ಒತ್ತು ಅಲ್ಲಿ ಹಿಂದಿನ ಅಕ್ಷರದ ಮೇಲೆ ಭಾರ ಹಾಕುವುದಿಲ್ಲ. ನಿ, ಹ್ಯ, ಕು ಮೂರೂ ಲಘು, ಮೂರೇ ಮಾತ್ರೆ. ಇಂಗ್ಲಿಷ್ ಅಕ್ಷರದಲ್ಲಿ ಓದಿ ಕಲಿತವರು 'ಹ್ಯಾಕು' ಎಂದು ದೀರ್ಘ ಎಳೆಯುತ್ತಾರೆ, ಅದೂ ಬೇಡ. ಹತ್ತು ಮಾತ್ರ ದೀರ್ಘವೇ, 'ಜೂ'. ಒಂಬತ್ತು 'ಕ್ಯೂ' ಕೂಡ ದೀರ್ಘ.

ನೂರರ ಸಾಲು ನೋಡಿ. 100 'ಹ್ಯಕು', 300 'ಸಂಬ್ಯಕು', 600 'ರೊಪ್ಪ್ಯಕು', 800 'ಹಪ್ಪ್ಯಕು'. ಹ ಒಂದು ಕಡೆ ಬ, ಎರಡು ಕಡೆ ಪ್ಪ ಆದದ್ದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಕನ್ನಡಿಗರಿಗೆ ಅದರ ಅಗತ್ಯ ಕಡಿಮೆ, ನಮ್ಮ 'ಹತ್ತು' ಇಪ್ಪತ್ತಿಗೆ ಬಂದಾಗ ಏನಾಗುತ್ತದೆ ಎಂದು ನೆನೆದರೆ ಸಾಕು. ಹಳಗನ್ನಡದ 'ಪತ್ತು' ಒಂಟಿಯಾಗಿದ್ದಲ್ಲಿ 'ಹತ್ತು' ಆಯಿತು, 'ಇಪ್ಪತ್ತು' ಎಂಬಲ್ಲಿ ಒತ್ತಿನೊಳಗೆ ಪಕಾರ ಉಳಿಯಿತು, 'ಮೂವತ್ತು' ಎಂಬಲ್ಲಿ ಇನ್ನೊಂದು ರೂಪ ತಾಳಿತು. ಜಪಾನಿಯಲ್ಲೂ ಹಳೇ ಪಕಾರ ಹಕಾರವಾಗಿದೆ, ಒತ್ತಿನಲ್ಲಿ ಮಾತ್ರ ಹಾಗೇ ಉಳಿದಿದೆ. ಸಾವಿರದ ಸಾಲಿನಲ್ಲಿ ನೆನಪಿಡಬೇಕಾದದ್ದು ಎರಡೇ: 3,000 'ಸನ್‌ಜೆನ್', 8,000 'ಹಸ್ಸೆನ್'. ಸನ್‌ಜೆನ್ ಎಂಬಲ್ಲಿ ಜಕಾರ 'ಜೀಬ್ರಾ'ದ ಮೊದಲ ಧ್ವನಿಯಂತೆ.

100ಕ್ಕೆ 'ಹ್ಯಕು', 1,000ಕ್ಕೆ 'ಸೆನ್' ಎಂದಷ್ಟೇ ಸಾಕು, 10,000ಕ್ಕೆ ಮಾತ್ರ ಮುಂದೆ ಒಂದು ಹಚ್ಚಿ 'ಇಚಿಮನ್' ಎನ್ನಬೇಕು. ಅನುಮಾನ ಬಂದರೆ ಜೇಬಿನ ನೋಟನ್ನೇ ನೋಡಿ. 1,000ದ ನೋಟಿನ ಮೇಲೆ ಸಾವಿರದ ಅಕ್ಷರ ಮಾತ್ರ ಇದೆ, 10,000ದ ನೋಟಿನಲ್ಲಿ ಹತ್ತು ಸಾವಿರದ ಅಕ್ಷರದ ಮುಂದೆ ಒಂದರ ಅಕ್ಷರವೂ ಇದೆ. ಜಪಾನಿ ಲೆಕ್ಕ ಹತ್ತು ಸಾವಿರಕ್ಕೆ ಒಮ್ಮೆ ಮಗ್ಗುಲು ಬದಲಿಸುತ್ತದೆ, ಆದ್ದರಿಂದ 30,000ವನ್ನು 'ಮೂವತ್ತು ಸಾವಿರ' ಎಂದು ಕಟ್ಟಿ 'ಸನ್‌ಜೂ ಸೆನ್' ಎನ್ನುವುದು ತಪ್ಪು. ಒಂದು ಲಕ್ಷ 'ಜೂಮನ್', ಹತ್ತು ಲಕ್ಷ 'ಹ್ಯಕುಮನ್', ಕೋಟಿ 'ಇಸ್ಸೆಮ್ಮನ್'.

ನಾಲ್ಕು, ಏಳು, ಒಂಬತ್ತರ ಎರಡೆರಡು ಓದುಗಳಲ್ಲಿ ಹಣಕ್ಕೆ ಯೊನ್, ನನ, ಕ್ಯೂ ಬಳಸಿ. 'ಯೊನ್', 'ನನ' ಅಚ್ಚ ಜಪಾನಿ ಮಾತುಗಳು, ಅಪಶಕುನದ 'ಶಿ' ಅವುಗಳ ಹತ್ತಿರ ಸುಳಿಯುವುದಿಲ್ಲ. ಏಳನ್ನು 'ಶಿಚಿ' ಎಂದರೆ ಫೋನಿನಲ್ಲಿ 'ಇಚಿ'ಯಂತೆ ಕೇಳುವ ತೊಂದರೆಯೂ ಇದೆ. ಹಾಗಂತ ಶಿ, ಕು ಎಲ್ಲ ಕಡೆ ತೊಲಗಿಲ್ಲ. ಮದುವೆಯ ಕರೆಯೋಲೆಯಲ್ಲೇ ಅವು ಕಾದಿರುತ್ತವೆ. ಏಪ್ರಿಲ್ 'ಶಿಗತ್ಸು', ಜುಲೈ 'ಶಿಚಿಗತ್ಸು', ಸೆಪ್ಟೆಂಬರ್ 'ಕುಗತ್ಸು', ಒಂಬತ್ತು ಗಂಟೆ 'ಕುಜಿ'. ನಾಲ್ಕು ಗಂಟೆಗೆ ನ್‌ಕಾರವಿಲ್ಲದ 'ಯೊಜಿ', ನಾಲ್ಕು ಜನರಿಗೆ 'ಯೊನಿನ್'. ತಿಂಗಳಿಗೆ 'ಯೊನ್‌ಗತ್ಸು', ಗಂಟೆಗೆ 'ಕ್ಯೂಜಿ' ಎಂದು ಯಾರೂ ಅನ್ನುವುದಿಲ್ಲ, ಅಂದರೆ ಕೇಳಿದವರು ಒಂದು ಕ್ಷಣ ತಡವರಿಸುತ್ತಾರೆ.

ಮೂರು ಬಗೆಯ ಕವರ್

ಈಗ ವಸ್ತುವಿಗೆ ಬರೋಣ. ಕವರಿನ ಬೆಲೆ ಒಳಗಿಡುವ ಮೊತ್ತದ ನೂರರಲ್ಲೊಂದು ಪಾಲಿನಷ್ಟಿರಲಿ ಎನ್ನುವುದು ಅಲ್ಲಿನ ರೂಢಿಯ ಲೆಕ್ಕ. 30,000ಕ್ಕೆ 300 ಯೆನ್ ಆಸುಪಾಸಿನದು. ಕಡಿಮೆ ಹಣಕ್ಕೆ ಭರ್ಜರಿ ಕವರ್ ಕೊಟ್ಟರೂ ತಪ್ಪೇ, ತೆರೆದವರಿಗೆ ಮುಜುಗರವಾಗುತ್ತದೆ.

ನೂರು ಯೆನ್ ಅಂಗಡಿಯ ಕವರುಗಳಲ್ಲಿ ಎರಡು ತರ. ಹತ್ತಾರು ಕವರ್ ಒಂದೇ ಪ್ಯಾಕಿನಲ್ಲಿ ಬರುವುದರಲ್ಲಿ ದಾರ ಮುದ್ರಿಸಿದ ಚಿತ್ರ ಮಾತ್ರ. ಅದು ಮೂರು, ಐದು ಸಾವಿರದ ಸಣ್ಣ ಉಡುಗೊರೆಗೆ. ಒಂಟಿಯಾಗಿ ಸಿಗುವುದರಲ್ಲಿ ನಿಜವಾದ ದಾರ ಇರುತ್ತದೆ, 10,000ದವರೆಗೆ ಧಾರಾಳವಾಗಿ ಬಳಸಬಹುದು. 30,000ಕ್ಕೆ ನಾವು ಇದನ್ನು ಹೇಳುವುದಿಲ್ಲ. ಕಾಗದ ತೆಳು, ಮಡಿಕೆಯ ಅಂಚು ಬೇಗ ಸವೆಯುತ್ತದೆ, ದಾರದ ಬಳೆಯನ್ನು ಒಮ್ಮೆ ಬಿಚ್ಚಿ ಹಾಕುವಷ್ಟರಲ್ಲಿ ಕಾಗದದ ನಡುವೆ ಗೆರೆ ಬೀಳುತ್ತದೆ.

ಕನ್ವೀನಿಯನ್ಸ್ ಸ್ಟೋರಿನ ಕವರ್ ಹೆಚ್ಚಿನವರಿಗೆ ಸಾಕು. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಮೂರರಲ್ಲೂ ಪೆನ್ನು ಪುಸ್ತಕದ ಸಾಲಿನಲ್ಲಿ ತೂಗುಹಾಕಿರುತ್ತಾರೆ. ಆಯ್ಕೆ ಎರಡು ಮೂರಕ್ಕಿಂತ ಹೆಚ್ಚಿರುವುದಿಲ್ಲ, ಆದರೆ ಮದುವೆಯ ಹಿಂದಿನ ರಾತ್ರಿ ಹನ್ನೊಂದಕ್ಕೂ ಸಿಗುತ್ತದೆ. ಪಾರದರ್ಶಕ ಚೀಲದೊಳಗೆ ಹೊರಕಾಗದ, ದಾರ, ಒಳಗಿನ ಬಿಳಿ ಕವರ್, ಉದ್ದನೆಯ ಎರಡೋ ಮೂರೋ ಚೀಟಿ ಇರುತ್ತವೆ. ಒಳಗಿನ ಕವರ್ ಇದೆಯೇ ಎಂದು ನೋಡಿಯೇ ಕೊಳ್ಳಿ. 10,000ದ ನೋಟು 160 ಮಿಲಿಮೀಟರ್ ಉದ್ದ, 76 ಮಿಲಿಮೀಟರ್ ಅಗಲ. ಅದು ಮಡಿಸದೆ ಒಳಗೆ ಕೂರಬೇಕು.

ಕಾಗದದಂಗಡಿಯ ಕವರ್ ಕೈಗೆ ತೆಗೆದುಕೊಂಡಾಗಲೇ ವ್ಯತ್ಯಾಸ ತಿಳಿಯುತ್ತದೆ. ಕಾಗದದ ಮೈಯಲ್ಲಿ ಸಣ್ಣ ಸುಕ್ಕಿನ ಅಲೆ ಇರುತ್ತದೆ, ಮಡಿಕೆ ಬಿಚ್ಚಿ ಮತ್ತೆ ಮಡಿಸಿದರೂ ಅದೇ ಗೆರೆಗೆ ಬಂದು ಕೂರುತ್ತದೆ. ಗಿಂಜಾದ ಇತೊಯಾ 1904ರಿಂದ ಇರುವ ಅಂಗಡಿ. ಅಲ್ಲೇ ಇರುವ ಕ್ಯೂಕ್ಯೊದೊ ಮೂಲತಃ ಕ್ಯೋಟೊದ್ದು, 1663ರಲ್ಲಿ ಶುರುವಾದದ್ದು. ನೆಂಟರ ಮದುವೆಗೆ 50,000ವೋ ಲಕ್ಷವೋ ಇಡುವವರು ಇಂಥ ಕಡೆ ಹೋಗುವುದು ಒಳ್ಳೆಯದು. ಇನ್ನೊಂದು ದೊಡ್ಡ ಲಾಭ, ಕೌಂಟರಿನವರಿಗೆ ಮೊತ್ತ ಹೇಳಿದರೆ ತಕ್ಕ ಕವರನ್ನು ಅವರೇ ತೆಗೆದುಕೊಡುತ್ತಾರೆ. 'ಸಮ್ಮನ್ ಎನ್' ಎಂದು ನೆಟ್ಟಗೆ ಹೇಳಿದರೆ ಉಳಿದ ಮಾತು ಬೇಕಾಗಿಲ್ಲ.

ಎಲ್ಲಿ ಕೊಂಡರೂ ಮೂರು ಗುರುತು ಪರೀಕ್ಷಿಸಿ. ಮೊದಲನೆಯದು ದಾರ, ಮಿಜುಹಿಕಿ. ಕಾಗದವನ್ನು ಹುರಿಗೊಳಿಸಿ ಗಂಜಿ ಹಾಕಿ ಬಿಗಿ ಮಾಡಿದ ಈ ದಾರಕ್ಕೆ ನಗಾನೊ ಪ್ರಾಂತದ ಈದ ಪಟ್ಟಣ ಹೆಸರುವಾಸಿ. ಮಾಮೂಲಿ ಶುಭಕ್ಕೆ ಐದು ಎಳೆ, ಮದುವೆಗೆ ಐದರ ಜೋಡಿ ಹತ್ತು ಎಳೆ, ಎರಡು ಮನೆತನ ಸೇರಿದ ಗುರುತು. ಗಂಟು ಬಿಚ್ಚಲು ಬಾರದ ಮುಸುಬಿಕಿರಿಯೋ ಅವಾಜಿ ಗಂಟೋ ಆಗಿರಬೇಕು. ಪಕ್ಕದಲ್ಲೇ ತೂಗುವ ಚಿಟ್ಟೆ ಗಂಟಿನ ಕವರ್ ಮಗು ಹುಟ್ಟಿದ್ದಕ್ಕೆ, ಬಡ್ತಿಗೆ. ಎಳೆದರೆ ಬಿಚ್ಚಿ ಮತ್ತೆ ಕಟ್ಟಬಹುದಾದ ಗಂಟು ಅದು. ಮತ್ತೆ ಮತ್ತೆ ಬರಲಿ ಎನ್ನುವ ಸಂತೋಷಕ್ಕೆ ಮಾತ್ರ ಸರಿ. ಬಣ್ಣ ಒಂದೇ ಆದ್ದರಿಂದ ಅವಸರದಲ್ಲಿ ಇವೆರಡೂ ಅದಲು ಬದಲಾಗುತ್ತವೆ, ಅತಿ ಹೆಚ್ಚು ನಡೆಯುವ ತಪ್ಪು ಇದೇ.

ಎರಡನೆಯದು ಮೇಲಿನ ಚೀಟಿ. ಮದುವೆಯ ಶುಭಾಶಯವನ್ನು ನಾಲ್ಕು ಅಕ್ಷರದಲ್ಲೂ ಬರೆಯಬಹುದು, ಐದು ಅಕ್ಷರದಲ್ಲೂ ಬರೆಯಬಹುದು. ನಾಲ್ಕು ಅಕ್ಷರದ್ದನ್ನು ಕಟ್ಟುನಿಟ್ಟಿನವರು ಒಪ್ಪುವುದಿಲ್ಲ, ಅಕ್ಷರದ ಎಣಿಕೆಯಲ್ಲೂ 'ಶಿ' ಬರಬಾರದು. ಕೊತೊಬುಕಿ ಎಂದು ಓದುವ ಒಂಟಿ ಅಕ್ಷರದ ಚೀಟಿಯನ್ನು ಆರಿಸಿದರೆ ಚಿಂತೆಯಿಲ್ಲ, ಇಲ್ಲವಾದರೆ ಐದರದ್ದು. ಓದಲು ಬಾರದಿದ್ದರೂ ಎಣಿಸಲು ಬರುತ್ತದಲ್ಲ.

ಮೂರನೆಯದು ಬಲ ಮೇಲ್ಮೂಲೆಯ ಸಣ್ಣ ಮಡಿಕೆ, ನೊಶಿ. ನಡುವೆ ಹಳದಿ ಪಟ್ಟಿ ಇರುತ್ತದೆ. ಹಿಂದೆ ಒಣಗಿಸಿದ ಚಿಪ್ಪುಮೀನಿನ ಪಟ್ಟಿ ಇಡುತ್ತಿದ್ದರು, ಈಗ ಅದರ ಬದಲು ಕಾಗದ. ಶುಭಕ್ಕೆ ಇದು ಇರಬೇಕು.

ಬರೆಯುವುದು

ಒಳಗಿನ ಕವರಿನ ಮುಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ 'ಕಿನ್ ಸಮ್ಮನ್ ಎನ್ ನರಿ' ಎಂದು ಐದು ಅಕ್ಷರದಲ್ಲಿ ಮೊತ್ತ ಬರೆಯಬೇಕು. ಇಲ್ಲಿ ಮಾಮೂಲಿ ಅಂಕಿಗಳ ಬದಲು ದೈಜಿ ಎಂಬ ತುಂಬು ಅಕ್ಷರಗಳು ಬೇಕು. ಕಾರಣ ಸರಳ. ಒಂದು, ಎರಡು, ಮೂರನ್ನು ಒಂದು, ಎರಡು, ಮೂರು ಅಡ್ಡಗೆರೆಗಳಿಂದ ಬರೆಯುತ್ತಾರೆ. ಇನ್ನೊಂದು ಗೆರೆ ಎಳೆದರೆ ಒಂದು ಎರಡಾಗುತ್ತದೆ, ಉದ್ದಗೆರೆ ಎಳೆದರೆ ಒಂದು ಹತ್ತಾಗುತ್ತದೆ. ದೈಜಿಯಲ್ಲಿ ಮೂರಕ್ಕೆ 8 ಗೆರೆ, ಒಂದಕ್ಕೆ 7, ಎರಡಕ್ಕೆ 6, ಹತ್ತಕ್ಕೆ 9, ತಿದ್ದಲು ಆಸ್ಪದವಿಲ್ಲ. ಹತ್ತು ಸಾವಿರದ ಹಳೇ ರೂಪಕ್ಕೆ 12 ಗೆರೆ, ಯೆನ್ನಿನ ಹಳೇ ರೂಪಕ್ಕೆ 13. ಈ ಎರಡನ್ನು ಸುಲಭ ರೂಪದಲ್ಲಿ ಬರೆದರೂ ಯಾರೂ ಆಕ್ಷೇಪಿಸುವುದಿಲ್ಲ. ಮೂರನ್ನು ಮಾತ್ರ ದೈಜಿಯಲ್ಲೇ ಬರೆಯಿರಿ. ಒಳ್ಳೆಯ ಕವರಿನ ಜೊತೆ ಬರುವ ಮಾದರಿ ಹಾಳೆಯಲ್ಲಿ ಇವೆಲ್ಲ ಮುದ್ರಿತವಾಗಿರುತ್ತವೆ, ಆದರೆ ಓದುವುದು ಹೇಗೆಂದು ಪಕ್ಕದಲ್ಲಿ ಕೊಟ್ಟಿರುವುದಿಲ್ಲ. ಹೊರದೇಶದವರೂ ಕೊಳ್ಳುವ ಈ ಕಾಲದಲ್ಲಿ ಅದು ದೊಡ್ಡ ಕೊರತೆ.

ಕೆಲವು ಒಳಕವರುಗಳ ಹಿಂಬದಿಯಲ್ಲಿ ಮೊತ್ತಕ್ಕೆ ಅಡ್ಡ ಚೌಕ ಮುದ್ರಿಸಿರುತ್ತಾರೆ. ಅಲ್ಲಿ 30,000 ಎಂದು ಅಂಕಿಯಲ್ಲೇ ಬರೆಯಬಹುದು. ಕೈಬರಹದ ಧೈರ್ಯವಿಲ್ಲದವರು ಇಂಥದ್ದನ್ನೇ ಹುಡುಕಿ. ಹಿಂಬದಿಯ ಎಡಗಡೆ ವಿಳಾಸ, ಹೆಸರು ಬರೆಯಬೇಕು, ಮದುವೆ ಮನೆಯವರು ಲೆಕ್ಕ ಹಚ್ಚುವಾಗ ನೋಡುವುದು ಅದನ್ನೇ.

ಬರೆಯಲು ಫುದೆಪೆನ್, ಕುಂಚದ ತುದಿಯ ಪೆನ್ನು. ಕುರೆತಾಕೆ, ಪೆಂಟೆಲ್ ಕಂಪನಿಗಳದ್ದು ಎಲ್ಲೆಡೆ ಸಿಗುತ್ತವೆ. ಎರಡು ತುದಿಯ ಪೆನ್ನು ಕೊಂಡರೆ ಬಹಳ ಜಾಗ್ರತೆ: ಒಂದು ತುದಿ ಕಡುಗಪ್ಪು, ಇನ್ನೊಂದು ಬೂದಿ ಬಣ್ಣ. ಬೂದಿ ಬಣ್ಣ ಸಾವಿನ ಮನೆಗೆ. ಮೊದಲು ಬೇರೆ ಕಾಗದದ ಮೇಲೆ ಗೀಚಿ ನೋಡಿ. ಬಾಲ್ ಪೆನ್ನಿನಲ್ಲಿ ಬರೆಯಬೇಡಿ.

ನಮ್ಮ ಹೆಸರುಗಳು ಉದ್ದ. ಹೊರದೇಶದ ಹೆಸರು ಬರೆಯುವ ಕಟಕಾನಾ ಲಿಪಿಯಲ್ಲಿ ಚೀಟಿಯ ಕೆಳ ಅರ್ಧದಲ್ಲಿ ಕೂರಬೇಕು, ಹಾಗಾಗಿ ಆಫೀಸಿನಲ್ಲಿ ಕರೆಯುವ ಒಂದು ಹೆಸರು ಬರೆದರೆ ಸಾಕು. ಮೇಲಿನಿಂದ ಕೆಳಕ್ಕೆ ಬರೆಯುವಾಗ ದೀರ್ಘದ ಗೆರೆ ಅಡ್ಡ ಇರುವುದಿಲ್ಲ, ನಿಂತ ಗೆರೆಯಾಗುತ್ತದೆ. ವೆಂಕಟೇಶ, ನಾಗರಾಜ ಎನ್ನುವವರು ಇದನ್ನು ಮರೆಯಬಾರದು. ಮೂವರವರೆಗೆ ಹೆಸರುಗಳನ್ನು ಹಿರಿಯರಿಂದ ಶುರುಮಾಡಿ ಬಲದಿಂದ ಎಡಕ್ಕೆ ಬರೆಯಬಹುದು, ಅದಕ್ಕಿಂತ ಹೆಚ್ಚಾದರೆ ಒಬ್ಬರ ಹೆಸರು ಮೇಲೆ, ಉಳಿದವರದು ಒಳಗೆ ಬೇರೆ ಹಾಳೆಯಲ್ಲಿ.

ನೋಟು, ಮಡಿಕೆ

ನೋಟು ಹೊಸದಾಗಿರಬೇಕು, ಗರಿಗರಿಯಾಗಿ. ಎಟಿಎಂ ನಂಬಬೇಡಿ. ಬ್ಯಾಂಕಿನ ಕೌಂಟರಿನಲ್ಲಿ 'ಶಿನ್ಸತ್ಸು ನಿ ರ್ಯೋಗಎ, ಇಚಿಮನ್ ಎನ್ ಸತ್ಸು ಸಮ್ಮಯ್' ಎಂದರೆ ಹೊಸ ನೋಟಿಗೆ ಬದಲಿಸಿ, ಹತ್ತು ಸಾವಿರದ ಮೂರು ಎಂದು ಅರ್ಥವಾಗುತ್ತದೆ. ಚಪ್ಪಟೆ ವಸ್ತುಗಳನ್ನು 'ಮಯ್' ಹಚ್ಚಿ ಎಣಿಸುತ್ತಾರೆ, ಕವರನ್ನೂ ಹಾಗೆಯೇ: 'ಇಚಿಮಯ್', 'ನಿಮಯ್'. ಹೆಚ್ಚಿನ ಕೌಂಟರುಗಳು ವಾರದ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತವೆ, ಮದುವೆಗಳು ಶನಿವಾರ ಭಾನುವಾರ ಇರುತ್ತವೆ, ಆದ್ದರಿಂದ ಶುಕ್ರವಾರಕ್ಕೆ ಉಳಿಸಿಕೊಳ್ಳಬೇಡಿ. ಕೆಲವು ಬ್ಯಾಂಕು ಶುಲ್ಕ ಹಿಡಿಯುತ್ತವೆ.

2024ರ ಜುಲೈ 3ರಿಂದ ಬಂದ 10,000ದ ನೋಟಿನಲ್ಲಿ ಶಿಬುಸಾವ ಎಇಚಿ ಅವರ ಚಿತ್ರವಿದೆ, ಅದಕ್ಕೆ ಮುಂಚಿನದರಲ್ಲಿ ಫುಕುಜಾವ ಯುಕಿಚಿ. ಎಲ್ಲ ನೋಟುಗಳ ಮುಖ ಒಳಕವರಿನ ಮುಂಭಾಗಕ್ಕೆ, ಮೇಲ್ಗಡೆಗೆ ಬರುವಂತೆ ಜೋಡಿಸಿ.

ಹೊರಕಾಗದ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಮತ್ತೆ ಮಡಿಸುವಾಗ ಮೇಲಿನ ಮಡಿಕೆ ಮೊದಲು, ಕೆಳಗಿನ ಮಡಿಕೆ ಅದರ ಮೇಲೆ ಬರಬೇಕು, ಬಾಯಿ ಮೇಲಕ್ಕೆ ತೆರೆದಿರಬೇಕು. ಸುಖ ಬಂದು ಬೀಳಲಿ ಎಂದು ಬೊಗಸೆ ಒಡ್ಡಿದ ಹಾಗೆ. ಸಾವಿನ ಮನೆಯ ಕವರಿನಲ್ಲಿ ಇದು ತಿರುಗುಮುರುಗು, ಮೇಲಿನ ಮಡಿಕೆ ಹೊರಗೆ. ಅಲ್ಲಿನ ದಾರ ಕಪ್ಪು ಬಿಳುಪು, ಒಸಾಕಾ, ಕ್ಯೋಟೊ ಸುತ್ತಿನ ಕನ್ಸಾಯ್ ಕಡೆ ಹಳದಿ ಬಿಳುಪು; ನೊಶಿ ಇರುವುದಿಲ್ಲ; ನೋಟು ಹೊಸದಿರಬಾರದು, ಹೊಸದೇ ಇದ್ದರೆ ನಡುವೆ ಒಂದು ಮಡಿಕೆ ಹಾಕಿ. ನಾಲ್ಕು, ಒಂಬತ್ತು ಅಲ್ಲಿಯೂ ಕೂಡದು, ಆಸ್ಪತ್ರೆಗೆ ನೋಡಲು ಹೋದಾಗ ಕೊಡುವ ಹಣಕ್ಕೂ ಕೂಡದು. 4, 9ನೇ ನಂಬರಿನ ಕೋಣೆಯನ್ನೇ ಇಟ್ಟುಕೊಳ್ಳದ ಆಸ್ಪತ್ರೆಗಳಿವೆ.

ನಮ್ಮ ಆಯ್ಕೆ: 30,000ಕ್ಕೆ 300ರಿಂದ 500 ಯೆನ್ನಿನ, ಹತ್ತು ಎಳೆಯ ಅವಾಜಿ ಗಂಟಿನ, ಒಳಕವರಿನ ಹಿಂದೆ ಅಡ್ಡ ಚೌಕವಿರುವ ಕವರ್. ಜೊತೆಗೆ ಫುಕುಸ ಎಂಬ ಸಣ್ಣ ವಸ್ತ್ರ ಕೊಳ್ಳಿ. ಕವರನ್ನು ಅದರಲ್ಲಿ ಸುತ್ತಿಟ್ಟುಕೊಂಡು ಹೋಗಿ ಸ್ವಾಗತದ ಮೇಜಿನ ಮುಂದೆ ಬಿಚ್ಚಿ, ಹೆಸರು ಅವರ ಕಡೆಗೆ ತಿರುಗಿಸಿ, ಎರಡೂ ಕೈಯಲ್ಲಿ ಕೊಡಬೇಕು. ನೇರಳೆ ಬಣ್ಣದ್ದು ಕೊಂಡರೆ ಶುಭ ಅಶುಭ ಎರಡಕ್ಕೂ ನಡೆಯುತ್ತದೆ.

ಮದುವೆಗೆ ಹೋಗಲಾಗದಿದ್ದರೆ ಕವರನ್ನು ಸಾದಾ ಅಂಚೆಗೆ ಹಾಕಬೇಡಿ, ನಗದನ್ನು ಹಾಗೆ ಕಳಿಸಲು ಕಾನೂನು ಬಿಡುವುದಿಲ್ಲ. ಅಂಚೆ ಕಚೇರಿಯಲ್ಲಿ 'ಗೆನ್‌ಕಿನ್ ಕಕಿತೊಮೆ' ಎಂದು ಕೇಳಿ, ನಗದಿಗೆಂದೇ ಇರುವ ರಿಜಿಸ್ಟರ್ಡ್ ಅಂಚೆ. ಅದರ ಲಕೋಟೆ ಎರಡು ಅಳತೆಯಲ್ಲಿ ಸಿಗುತ್ತದೆ, ದೊಡ್ಡದನ್ನು ಕೊಳ್ಳಿ. ಗೊಶೂಗಿಬುಕುರೊ ದಾರದ ಸಮೇತ ಅದರೊಳಗೆ ಹಿಡಿಸುತ್ತದೆ. ಚಿಕ್ಕದರಲ್ಲಿ ತುರುಕಿದರೆ ಗಂಟು ಚಪ್ಪಟೆಯಾಗಿ ತಲುಪುತ್ತದೆ.